ಸಮುವೇಲ ಹೇಳದ ಸ್ತೋತ್ರ

ನಿನ್ನ ಗಂಡ ಸ್ತೋತ್ರ ಹೇಳುತ್ತಾ ಪ್ರಾಣ ಬಿಡಲಿಲ್ಲ, ಕರುಣಾ. ಹಾಗೆಂದು ಹೇಳಿದವಳು ನಾನು. ಅದು ಸುಳ್ಳು.

ಸಮುವೇಲನ ಕೊನೆಗಳಿಗೆಯಲ್ಲಿ ಹತ್ತಿರ ಇದ್ದವಳು ಅವನ ಅಕ್ಕನಾದ ನಾನೊಬ್ಬಳೇ. ಕಾಮಾಲೆ ಏರಿ ಅವನ ಕಣ್ಣು, ಉಗುರು ಎಲ್ಲ ಹಳದಿಯಾಗಿದ್ದವು. ರೋಗಿಯ ಬಳಿ ಒಬ್ಬರಷ್ಟೇ ಇರಬೇಕೆಂದು ನರ್ಸು ಹೇಳಿದ್ದರಿಂದ ನೀನು ಕೂಸನ್ನು ಎತ್ತಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ನಿನ್ನ ಪಕ್ಕದಲ್ಲಿ ನಮ್ಮ ಕನ್ನಡ ಸಭೆಯ ಆರಾಧನೆ ನಡೆಸುವ ಉಪದೇಶಿಗಳು, ಹಿರಿಯರು, ನಾಲ್ಕಾರು ಹೆಂಗಸರು. ಒಳಗೆ ಅವನು ದೇವರನ್ನು ಬೈಯುತ್ತಿದ್ದ. ಹೌದು, ಬೈಯುತ್ತಿದ್ದ. "ನಾ ಏನ್ ತಪ್ಪ ಮಾಡೇನಿ, ಅಕ್ಕಾ? ಹಾಲ ಕುಡಿಯೋ ಕೂಸಿನ ಅಪ್ಪನ್ನ ಒಯ್ತಾನಂದ್ರ ಅವಂಗ ಕರುಳ ಐತೇನು?" ಹೊರಗೆ ಕೇಳಿಸೀತೆಂದು ನಾನು ಅವನ ಬಾಯಿಯ ಮೇಲೆ ಕೈ ಇಟ್ಟೆ. ಸಾಯುತ್ತಿರುವ ತಮ್ಮನ ಬಾಯಿಯ ಮೇಲೆ — ಈ ಕೈ. ಅವನು ಅದನ್ನು ಸರಿಸಿ, "ಕರುಣಾನ್ನ ಕರಿ. ನನಗ ಅಂಜಿಕಿ ಬರಾಕತ್ತೈತಿ" ಎಂದ.

ನಾನು ಕರೆಯಲಿಲ್ಲ. ನರ್ಸಿನ ಮೇಲೆ ಹೊರಿಸಲಾರೆ. ಆಕೆ ಆಗ ಅಲ್ಲಿರಲೇ ಇಲ್ಲ. ನೀನು ಬಂದರೆ ನಿನ್ನ ಹಿಂದೆಯೇ ಉಪದೇಶಿಗಳೂ ಬರುತ್ತಾರೆ, ಅವನ ಮಾತು ಅವರ ಕಿವಿಗೆ ಬೀಳುತ್ತದೆ, ಬೆಟಗೇರಿಯ ಬೋಧಕರ ಮಗ ದೇವರನ್ನು ಬೈದು ಸತ್ತ ಎಂದು ಮದರಾಸಿನಿಂದ ಹುಬ್ಬಳ್ಳಿಯ ತನಕ ಸುದ್ದಿಯಾಗುತ್ತದೆ — ನನಗೆ ಆಗ ಅಪ್ಪನ ಮರ್ಯಾದೆಯದೇ ಚಿಂತೆ. ತಮ್ಮನ ಅಂಜಿಕೆ ನನಗೆ ಬೇಕಾಗಿರಲಿಲ್ಲ.

ಎಲ್ಲ ಮುಗಿದು ಹೊರಗೆ ಬಂದಾಗ, ನನ್ನ ಮುಖ ನೋಡಿಯೇ ನೀನು ಕುಸಿದೆ. ಉಪದೇಶಿಗಳು ನಿನ್ನ ಕಡೆ ತಿರುಗಲೂ ಇಲ್ಲ. "ಕಡೀಕ ಏನಂದಾ, ತಂಗಿ?" ಎಂದು ನನ್ನನ್ನು ಕೇಳಿದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ದೇವರಿಗೆ ಸ್ತೋತ್ರ ಅಂದಾ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಅದನ್ನು ಅವರು ಏನು ಮಾಡಿದರೆಂದು ನಿನಗೇ ಗೊತ್ತು. ಭಾನುವಾರ ಮಧ್ಯಾಹ್ನ, ತಮಿಳರ ಆರಾಧನೆ ಮುಗಿದ ಮೇಲೆ, ಅದೇ ದೇವಾಲಯದಲ್ಲಿ ಪೆರಂಬೂರಿನ ರೈಲ್ವೆ ಕನ್ನಡಿಗರು ಸೇರುತ್ತಿದ್ದೆವಲ್ಲ — ಅಲ್ಲಿ ಉಪದೇಶಿಗಳ ಬಾಯಲ್ಲಿ ಅದು ಪ್ರಸಂಗವಾಯಿತು. ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ದೇವರ ಉಪಕಾರಕ್ಕೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಹೊತ್ತಿಗೆ ನಿನ್ನನ್ನು ಎಬ್ಬಿಸಿ ನಿಲ್ಲಿಸಿದರು. ಗಂಡನ ಹಾಗೆ ನೀನೂ ಸ್ತೋತ್ರ ಹೇಳಬೇಕಂತೆ. "ನನಗ ಆಗಂಗಿಲ್ರೀ" ಎಂದು ನೀನು ಕೂತುಬಿಟ್ಟೆ. ಅಷ್ಟಕ್ಕೇ ನೀನು ಅವಿಶ್ವಾಸಿ. ಅವನೆಂಥ ಭಕ್ತ, ಇವಳೆಂಥ ಕಲ್ಲೆದೆಯವಳು ಎಂದು ಮೂಗು ಮುರಿದವರ ಮುಖಗಳು ಒಂದೊಂದೂ ನೆನಪಿವೆ. ಹೊಟ್ಟೆ ತುಂಬ ಉಂಡು ಬಂದವರು, ಗಂಡ ಮಕ್ಕಳು ಗಟ್ಟಿಮುಟ್ಟಾಗಿ ಪಕ್ಕದಲ್ಲೇ ಕೂತಿದ್ದವರು, ನಿನಗೆ ಸ್ತೋತ್ರ ಕಲಿಸಲು ನಿಂತರು. ಶಿಲುಬೆಯ ಮೇಲೆ ನಮ್ಮ ಕರ್ತನೇ ತನ್ನ ತಂದೆಯನ್ನು ಯಾಕೆ ನನ್ನ ಕೈಬಿಟ್ಟೆ ಎಂದು ಕೇಳಲಿಲ್ಲವೇ? ಅವನಿಗಿದ್ದ ಸಲಿಗೆ ರೈಲ್ವೆಯ ಒಬ್ಬ ಫಿಟ್ಟರಿಗೆ, ಅವನ ಹೆಂಡತಿಗೆ ಇರಬಾರದೇ?

ಕಷ್ಟದಲ್ಲಿ ದೇವರನ್ನು ಸ್ತುತಿಸುವುದೇ ಬೂಟಾಟಿಕೆ ಎನ್ನುತ್ತಿಲ್ಲ. ಹಿಟ್ಟಿನ ಡಬ್ಬಿ ಬರಿದಾದ ದಿನ ನಮ್ಮವ್ವ ಒಲೆಯ ಮುಂದೆ ಕೂತು ಹಾಡಿದ್ದನ್ನು ಕೇಳಿ ಬೆಳೆದವಳು ನಾನು. ಆದರೆ ಅವ್ವನಿಗೆ ಹಾಡು ಎಂದು ಯಾರೂ ಅಪ್ಪಣೆ ಮಾಡಿರಲಿಲ್ಲ.

ಅವರನ್ನು ಬೈದು ನಾನು ನುಣುಚಿಕೊಳ್ಳಬಾರದು. ನೀನು ಪೆರಂಬೂರು ಬಿಟ್ಟು ಮದರಾಸಿನ ಕಡಲ ಕಡೆಯ ರಾಯಪುರಕ್ಕೆ ಹೊರಟ ದಿನ, ಹೊಲಿಗೆಯಂತ್ರವನ್ನು ರಿಕ್ಷಾಕ್ಕೆ ಏರಿಸಿದ ಮೇಲೆ, ನನ್ನ ಹತ್ತಿರ ಬಂದು ಕೇಳಿದೆ: "ಕಡೀಕ ಅವರಿಗೆ ನನ್ನ ನೆನಪ ಆಗ್ಲಿಲ್ಲೇನ್ರೀ, ಅಕ್ಕಾರ?" ಆಗಲಾದರೂ... "ಅಂವಾ ದೇವರ ಧ್ಯಾನದಾಗಿದ್ದ" ಎಂದೆ. ನೀನು ತಲೆಯಾಡಿಸಿ ರಿಕ್ಷಾ ಹತ್ತಿದೆ. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಅದನ್ನು ನುಂಗಿಕೊಂಡು ಹತ್ತು ವರ್ಷ ನಾನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತೆ. ಗಂಡ ಮರೆತ ಹೆಂಡತಿಯಾಗಿ ಹತ್ತು ವರ್ಷ ನೀನು ಬದುಕಿದೆ.

ಕಳೆದ ಭಾನುವಾರ, ಕೂಸನ್ನು ಕಳೆದುಕೊಂಡ ಒಬ್ಬ ಹುಡುಗಿಗೆ ಹೊಸ ಉಪದೇಶಿಗಳು ಸಮುವೇಲನ ಕಥೆ ಹೇಳಿ ಸ್ತೋತ್ರ ಹೇಳಿಸಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ನಿಂತಳು. ನನಗೆ ಮೈಯೆಲ್ಲ ಉರಿಯಿತು — ಅವರು ಹೇಳಿದ್ದು ನನ್ನ ಸುಳ್ಳನ್ನೇ ಅಲ್ಲವೇ? ಬರುವ ಭಾನುವಾರ ಸಾಕ್ಷಿಯ ಹೊತ್ತಿಗೆ ನಾನು ಎದ್ದು, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಪ್ಪನ ಮರ್ಯಾದೆ ಹೋದರೆ ಹೋಗಲಿ.

ಆದರೆ ಅವರಿಗಿಂತ ಮೊದಲು ನಿನಗೆ ತಿಳಿಯಬೇಕು. ಮಗಳಿಗೂ ಹೇಳು, ಅವಳಿಗೆ ಕನ್ನಡ ಅಷ್ಟಕ್ಕಷ್ಟೇ ಅಂತೆ, ತಮಿಳಿನಲ್ಲೇ ಹೇಳು. ಅವನು ನಿನ್ನನ್ನು ಕರೆದ. ಮಾತು ನಿಂತ ಮೇಲೂ, ಉಸಿರು ಇರುವ ತನಕ, ಬಾಗಿಲನ್ನೇ ನೋಡುತ್ತಿದ್ದ. ನೀನು ಅದರ ಆಚೆಗೇ ಇದ್ದೆ — ನಾನು ಎದ್ದು ತೆರೆಯಲಿಲ್ಲ.