ವೀಸಾದವರ ಫೋನ್ ಎತ್ತಿದವರು

ದೆವ್ವ, ಭೂತ, ಸತ್ತವರು ಬಂದು ಸೂಚನೆ ಕೊಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಯಾರಾದರೂ ಇಂಥ ಕತೆ ಶುರು ಮಾಡಿದರೆ, ‘ಆಗ ನಿಮಗೆ ಜ್ವರ ಇತ್ತಾ?’ ಎಂದು ಕೇಳಿ ಬಾಯಿ ಮುಚ್ಚಿಸಿದ್ದೂ ಉಂಟು. ಈಗ ನಾನೇ ಹೇಳಲು ಕೂತಿದ್ದೇನೆ. ನನಗೆ ಜ್ವರ ಇರಲಿಲ್ಲ. ನೀವು ನಂಬಲೇಬೇಕು ಎಂಬ ಹಟವೂ ನನಗಿಲ್ಲ.

ಇದು ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಯಜಮಾನರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡು ವರ್ಷ ಕಳೆದಿತ್ತು. ನಮಗೆ ಮಕ್ಕಳಿಲ್ಲ. ಬನಶಂಕರಿ ಎರಡನೇ ಹಂತದ ಮನೆಯಲ್ಲಿ ನಾನೊಬ್ಬಳೇ ಇದ್ದೆ, ಈಗಲೂ ಇದ್ದೇನೆ. ನನ್ನವರು ಎಂದು ಉಳಿದಿದ್ದವಳು ತಂಗಿ ಸುಮ ಮಾತ್ರ. ಮದುವೆಯ ಗೋಜಿಗೆ ಹೋಗದೆ, ನರ್ಸ್ ಕೆಲಸ ಹಿಡಿದು, ತುಂಬ ಚಳಿಯ ಒಂದು ದೇಶದಲ್ಲಿ ನೆಲೆ ನಿಂತವಳು. ದೇಶದ ಹೆಸರು ಇಲ್ಲಿ ಬೇಡ.

ಆ ವರ್ಷ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ‘ಅಕ್ಕ, ಆದಷ್ಟು ಬೇಗ ಬಾ. ಇಲ್ಲಿ ಎಲ್ಲರೂ ಚೆನ್ನಾಗಿ ನೋಡ್ಕೋತಾರೆ. ಆದ್ರೆ ಇವರ ಮುಂದೆ ಕನ್ನಡದಲ್ಲಿ ನರಳೋಕೂ ಆಗಲ್ಲ’ ಎಂದಳು. ನೋವು ಹೇಳಿಕೊಳ್ಳುವ ಪೈಕಿಯೇ ಅಲ್ಲ ಅವಳು. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಹೋಗಬೇಕು ಅಂದ ಕೂಡಲೇ ಬಸ್ಸು ಹತ್ತಲು ಅದೇನು ಉತ್ತರಹಳ್ಳಿಯೇ? ವೀಸಾ ಆಗಬೇಕು. ಜಯನಗರದಲ್ಲಿ ಒಬ್ಬ ಏಜೆಂಟನ್ನು ಹಿಡಿದೆ. ಫೋಟೋದಲ್ಲಿ ಕಿವಿ ಸರಿಯಾಗಿ ಕಾಣುತ್ತಿಲ್ಲ ಎಂದು ಮತ್ತೆ ತೆಗೆಸಿದರು. ಬೆರಳಚ್ಚು ಕೊಡಲು ಹೋದರೆ ನನ್ನ ಬೆರಳುಗಳನ್ನು ಆ ಯಂತ್ರ ಬೇಗ ಗುರುತಿಸಲೇ ಇಲ್ಲ. ಬ್ಯಾಂಕಿನ ಲೆಕ್ಕ, ಪೆನ್ಶನ್ ಕಾಗದ, ಸುಮಳ ಆಸ್ಪತ್ರೆಯ ಪತ್ರ, ಮನೆಯ ಕ್ರಯಪತ್ರದ ನಕಲು, ಎಲ್ಲ ಕೊಟ್ಟೆ. ಅಷ್ಟಾದ ಮೇಲೂ ಏಜೆಂಟ್ ತಲೆ ಕೆರೆದುಕೊಂಡ. ‘ಸಾರ್ ಇದ್ದಿದ್ರೆ ಈಸಿಯಾಗಿ ಆಗ್ತಿತ್ತು ಮೇಡಂ. ನೀವು ವಾಪಸ್ ಬರ್ತೀರ ಅಂತ ಅವರಿಗೆ ಗ್ಯಾರಂಟಿ ಬೇಕು. ಇಲ್ಲಿ ನಿಮಗೋಸ್ಕರ ಕಾಯೋರು ಯಾರೂ ಇಲ್ವಲ್ಲ’ ಎಂದ. ಅವನು ಕೆಟ್ಟವನಲ್ಲ, ಅವನ ಕೆಲಸದ ಮಾತು ಅದು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು.

ಫೋನ್ ನಂಬರ್ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಯಜಮಾನರ ನಂಬರ್. ನನ್ನ ವಯಸ್ಸಿನ ಹೆಂಗಸರಿಗೆ ಇದು ಅರ್ಥವಾಗುತ್ತದೆ. ಗ್ಯಾಸು, ಬ್ಯಾಂಕು, ಆಧಾರ್, ಮನೆ ಕಂದಾಯ, ನಮ್ಮಲ್ಲಿ ಎಲ್ಲಕ್ಕೂ ಗಂಡನ ನಂಬರೇ. ನಾನೂ ಸಂಬಳ ತಂದವಳು, ಆದರೂ ಓಟಿಪಿ ಬರುತ್ತಿದ್ದುದು ಅವರಿಗೆ. ಅವರು ಹೋದರೂ ಆ ನಂಬರನ್ನು ಸಾಯಲು ಬಿಡುವಂತಿರಲಿಲ್ಲ. ಅವರ ಬಟನ್ ಫೋನಿಗೆ ಕರೆನ್ಸಿ ಹಾಕಿಸುತ್ತ, ಫ್ರಿಜ್ಜಿನ ಮೇಲೆ ಚಾರ್ಜಿಗೆ ಇಟ್ಟಿರುತ್ತಿದ್ದೆ. ಸಾಲ ಬೇಕಾ, ಸೈಟ್ ಬೇಕಾ ಎಂದು ಯಾರಾದರೂ ಅದಕ್ಕೆ ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ.

ಅರ್ಜಿ ಹಾಕಿದ ಮೇಲೆ ಒಂದು ಮಧ್ಯಾಹ್ನ ದಪ್ಪ ಸ್ವೆಟರ್ ಕೊಳ್ಳಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಬಾಗಿಲಿಗೂ ಗೇಟಿಗೂ ಬೀಗ ಹಾಕಿದ್ದೆ. ಸಂಜೆ ಬಂದಾಗ ಬೀಗ ಹಾಕಿದ ಹಾಗೇ ಇತ್ತು, ಮನೆಯಲ್ಲಿ ಒಂದು ಲೋಟವೂ ಅತ್ತಿತ್ತ ಆಗಿರಲಿಲ್ಲ. ಆಮೇಲೆ ಸುಮಳ ಜೊತೆ ವಿಡಿಯೋದಲ್ಲಿ ಮಾತಾಡಿದೆ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಸ್ವೆಟರಿನ ಬಣ್ಣ ನೋಡಿ ಗೇಲಿ ಮಾಡಿದಳು. ಸಾರಿನ ಪುಡಿ ಮರೆಯಬೇಡ ಎಂದಳು. ನಾನು ನೆಮ್ಮದಿಯಾಗಿ ಮಲಗಿದೆ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಫ್ರಿಜ್ಜಿನ ಮೇಲಿನ ಫೋನ್ ಬಡಿದುಕೊಂಡಿತು. ವೀಸಾದವರು ವಿಚಾರಣೆಗೆ ಫೋನ್ ಮಾಡಿಯಾರು ಎಂದು ಏಜೆಂಟ್ ಹೇಳಿದ್ದರಿಂದ ಎತ್ತಿದೆ. ಅದು ಅವರದೇ ಕರೆ. ಕನ್ನಡ ಮಾತಾಡುವ ಹುಡುಗಿ, ನನ್ನ ಹೆಸರು ಹೇಳಿ ನಾನೇ ಹೌದೋ ಅಲ್ಲವೋ ಕೇಳಿಕೊಂಡಳು.

‘ಮೇಡಂ, ನಿನ್ನೆ ಮಧ್ಯಾಹ್ನ ಮಾಡಿದ್ದೆ. ನಿಮ್ಮ ಮನೆಯವರು ಎತ್ತಿದ್ರು’ ಎಂದಳು.

‘ಯಾರು?’ ಎಂದೆ.

‘ನಿಮ್ಮ ಹಸ್ಬೆಂಡ್ ಅಂತಾನೇ ಹೇಳಿದ್ರು ಮೇಡಂ. ಪಾಪ, ತುಂಬಾ ಕೆಮ್ತಿದ್ರು. ಇನ್ನು ವೀಸಾ ಬೇಕಾಗಲ್ಲ, ಅರ್ಜಿ ವಾಪಸ್ ತಗೋತೀವಿ ಅಂದ್ರು. ಆದ್ರೆ ಅದನ್ನ ನೀವೇ ಹೇಳ್ಬೇಕಲ್ಲ, ಅದಕ್ಕೆ ಮತ್ತೆ ಮಾಡ್ದೆ.’

ಆ ಗಳಿಗೆಯಲ್ಲಿ ನನಗೆ ಇದ್ದದ್ದು ಒಂದೇ ಚಿಂತೆ, ವೀಸಾ ಎಲ್ಲಿ ಕೈತಪ್ಪುತ್ತದೋ ಎಂದು. ಗಂಡ ಇಲ್ಲ ಎಂದು ಬರೆದುಕೊಟ್ಟವಳ ಮನೆಯಲ್ಲಿ ಗಂಡ ಫೋನ್ ಎತ್ತಿದರೆ ಅವರೇನು ತಿಳಿದಾರು? ‘ಯಾರೋ ತಪ್ಪು ಹೇಳಿದ್ದಾರಮ್ಮ. ನನಗೆ ವೀಸಾ ಬೇಕೇ ಬೇಕು. ನನ್ನ ತಂಗಿ ಕಾಯ್ತಿದಾಳೆ’ ಎಂದೆ. ಅವಳು ಸರಿ ಎಂದು ಇಟ್ಟಳು.

ಇಟ್ಟ ಮೇಲೆ ಫೋನಿನಲ್ಲಿ ಹುಡುಕಿದೆ. ಹಿಂದಿನ ಮಧ್ಯಾಹ್ನ ಅದೇ ನಂಬರಿನಿಂದ ಕರೆ ಬಂದಿತ್ತು. ಯಾರೋ ಎತ್ತಿದ್ದರು. ನಾಲ್ಕಾರು ನಿಮಿಷ ಮಾತೂ ಆಗಿತ್ತು. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುವುದು ಎದುರು ಮನೆಯ ಸಾವಿತ್ರಮ್ಮನ ಹತ್ತಿರ. ಅವರಿಗೆ ಫೋನ್ ಮಾಡಿದರೆ, ಎರಡು ದಿನದಿಂದ ಗೊಟ್ಟಿಗೆರೆಯ ಮಗಳ ಮನೆಯಲ್ಲಿದ್ದಾರೆ, ಬೀಗದ ಕೈ ಅವರ ಬ್ಯಾಗಿನಲ್ಲೇ ಇದೆ. ‘ಯಾಕ್ರೀ, ಬೀಗದ ಕೈ ಕಳ್ಕೊಂಡ್ರಾ?’ ಎಂದು ಕೇಳಿದರು. ನಾನು ಏನೋ ಒಂದು ಹೇಳಿ ಇಟ್ಟುಬಿಟ್ಟೆ.

ಮಧ್ಯಾಹ್ನದ ಊಟಕ್ಕೆ ಮುಂಚೆ ಸುಮಳ ಜೊತೆ ಕೆಲಸ ಮಾಡುವ ಗೆಳತಿಯಿಂದ ಕರೆ ಬಂತು. ನನ್ನ ಜೊತೆ ನಗುತ್ತ ಮಾತಾಡಿ ಮಲಗಿದವಳು ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಇಷ್ಟು ಬೇಗ ಎಂದು ಡಾಕ್ಟರೂ ಎಣಿಸಿರಲಿಲ್ಲವಂತೆ.

ಯೋಚನೆ ಮಾಡಿ ನೋಡಿ. ವೀಸಾ ಬೇಡ ಎಂದು ಆ ದನಿ ಹೇಳುವಾಗ ಸುಮ ಬದುಕಿದ್ದಳು. ನಾನು ಸ್ವೆಟರ್ ಆರಿಸುತ್ತಿದ್ದೆ. ಸಂಜೆ ಅವಳು ಅದನ್ನು ನೋಡಿ ನಗುವುದು ಇನ್ನೂ ಬಾಕಿ ಇತ್ತು.

ವಿಜ್ಞಾನದ ಟೀಚರ್ ತಾನೇ, ಸುಮ್ಮನೆ ಬಿಡಲಿಲ್ಲ. ಲೈನು ಅಡ್ಡ ಸೇರಿ ಬೇರೆ ಯಾರಿಗೋ ಹೋಗಿರಬಹುದೇ ಎಂದು ಫೋನ್ ಕಂಪನಿಯಲ್ಲಿ ವಿಚಾರಿಸಿದೆ. ಹಾಗೆಲ್ಲ ಆಗುವುದಿಲ್ಲ ಎಂದರು. ಬೇರೆ ಯಾರದೋ ಅರ್ಜಿಯ ಮಾತನ್ನು ಆ ಹುಡುಗಿ ನನಗೆ ಹೇಳಿರಬೇಕು ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡೆ. ಆದರೆ ಹಾಗಿದ್ದರೆ ಆ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದವರು ಯಾರು? ಕಳ್ಳನೇ ಬಂದಿದ್ದರೂ ಕೆಮ್ಮುತ್ತ ಕೂತು ವೀಸಾ ವಿಚಾರ ಯಾಕೆ ಮಾತಾಡಿಯಾನು?

ಸುಮಳ ಕಾರ್ಯವೆಲ್ಲ ಅಲ್ಲೇ ನಡೆಯಿತು. ನಾನು ಇಲ್ಲಿ ಬರಿಯ ಸ್ನಾನ ಮಾಡಿ ಕೂತೆ. ಕೆಲವು ದಿನ ಕಳೆದ ಮೇಲೆ ಅರ್ಜಿ ವಾಪಸ್ ಪಡೆಯಲು ನಾನೇ ಆ ನಂಬರಿಗೆ ಫೋನ್ ಮಾಡಿದಾಗ ಅದೇ ಹುಡುಗಿ ಸಿಕ್ಕಳು. ವಿಷಯ ತಿಳಿದು, ‘ಅಯ್ಯೋ, ಸಾರಿ ಮೇಡಂ’ ಎಂದಳು. ನಾನು ತಡೆಯಲಾರದೆ ಕೇಳಿದೆ, ಆವತ್ತು ಅವರು ಇನ್ನೇನಾದರೂ ಹೇಳಿದರಾ ಎಂದು.

‘ನಾನು ಮೇಡಂಗೆ ಬೇರೆ ನಂಬರ್ ಇದ್ರೆ ಕೊಡಿ, ತಿಳಿಸ್ತೀನಿ ಅಂದೆ. ಅದಕ್ಕೆ ಅವರು, ಬೇಡಮ್ಮ, ನೀವು ಹೇಳಿದ್ರೆ ಅವಳು ತಡ್ಕೊಳಲ್ಲ, ಸಮಯ ನೋಡಿ ನಾನೇ ಹೇಳ್ತೀನಿ ಅಂದ್ರು.’

ಅವರು ಮಾತಾಡುತ್ತಿದ್ದುದು ಹಾಗೆಯೇ. ಅದನ್ನು ಕೇಳಿ ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಇಡೀ ವರ್ಷ ಈ ಮನೆಯಲ್ಲಿ ಒಬ್ಬಳೇ ಉಂಡು, ಒಬ್ಬಳೇ ಮಲಗಿ, ಅವರ ಒಂದು ಮಾತಿಗಾಗಿ ಹಂಬಲಿಸಿದ್ದೇನೆ. ಮಾತಾಡಲು ಆಗುತ್ತಿತ್ತು ಎಂದಾದರೆ ಗುರುತು ಪರಿಚಯವಿಲ್ಲದ ಹುಡುಗಿಯ ಹತ್ತಿರ ಆಡಬೇಕಿತ್ತೇ? ಇದಕ್ಕೆ ಅರ್ಥ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಮಯ ನೋಡಿ ಹೇಳುತ್ತೇನೆ ಅಂದಿದ್ದರಂತೆ. ಇನ್ನೂ ಹೇಳಿಲ್ಲ.