ಪ್ರೇಮಲತಾ ಕಿತ್ತುಕೊಂಡ ಅನುಮತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹರಿಹರದ ಆಚೆ, ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಮೊದಲ ಪಾಳಿಯವರು ಚಹಾ ಹೀರುತ್ತಿದ್ದಾರೆ. ನಕ್ಷೆ ಬರೆಯುವ ಡ್ರಾಯಿಂಗ್ ರೂಮಿನಲ್ಲಿ ಪ್ರೇಮಲತಾ ಹೆಗಲ ಚೀಲ ಇಳಿಸುವ ಮೊದಲೇ ಫೋನ್ ಬಡಿದುಕೊಳ್ಳುತ್ತದೆ. ಯಾರದೋ ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ. “ನಿನ್ನೆ ಬದಲಿ ಮಾಡಿದ್ದು ನೀವೇ ಅಲ್ಲೇನ್ರಿ? ಹಳೇದು ಹಾಕಿದ್ರೆ ಹೆಂಗೆ ತಗೊಂತೈತೆ?” ಎನ್ನುತ್ತಲೇ ಅವರು ಕಂಪ್ಯೂಟರ್ ಚಾಲೂ ಮಾಡುತ್ತಾರೆ.

ಕಾರ್ಖಾನೆಯ ಹನ್ನೊಂದು ಸಾವಿರ ನಕ್ಷೆಗಳು, ಲೋಹ ಕಡೆಯುವ ಲೇತ್ ಯಂತ್ರಗಳನ್ನು ನಡೆಸುವ ಪ್ರೋಗ್ರಾಂಗಳು, ಎಲ್ಲ ಒಂದೇ ಸರ್ವರಿನಲ್ಲಿವೆ. ಯಾವುದನ್ನು ಯಾರು, ಎಂದು, ಏಕೆ ತಿದ್ದಿದರು ಎಂಬುದನ್ನು ಅದು ಹೆಸರು ಸಮೇತ ನೆನಪಿಡುತ್ತದೆ. ಕಂಪ್ಯೂಟರಿನವರು ಇದನ್ನು ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಇದನ್ನು ಬಳಸುವ ಅರವತ್ತಮೂರು ಜನರಲ್ಲಿ ಯಾರು ಬರೀ ನೋಡಬಹುದು, ಯಾರು ತಿದ್ದಬಹುದು ಎಂದು ಅನುಮತಿ ಕೊಡುವುದು, ಕೆಟ್ಟಾಗ ಸರಿಪಡಿಸುವುದು ಪ್ರೇಮಲತಾ ಕೆಲಸ. ಮಧ್ಯಾಹ್ನದೊಳಗೆ ಹದಿನೈದು ಕರೆ ಗ್ಯಾರಂಟಿ. ಒಂದು ನಕ್ಷೆಯನ್ನು ತನಗೊಬ್ಬನಿಗೇ ಎಂದು ಲಾಕ್ ಮಾಡಿಕೊಂಡು, ಹಾಗೇ ಮಾಯಕೊಂಡಕ್ಕೆ ಮದುವೆ ಊಟಕ್ಕೆ ಹೋಗಿಬಿಟ್ಟವರೂ ಇದ್ದಾರೆ. ಆ ಲಾಕ್ ಬಿಡಿಸುವವರೂ ಇವರೇ.

ಇಪ್ಪತ್ತಾರು ವರ್ಷದ ಹಿಂದೆ ಟ್ರೇಸಿಂಗ್ ಹಾಳೆಯ ಮೇಲೆ ನಕ್ಷೆ ಇಳಿಸಲು ಸೇರಿದವರು. ಆಗಿನ ಹಿರಿಯ ಹಯಾತ್ ಸಾಬ್ ರಿಜಿಸ್ಟರ್ ಮುಂದಿಟ್ಟು, “ಸಹಿ ಇಲ್ದೆ ಒಂದ್ ಹಾಳೀನೂ ಹೊರಗ ಬಿಡಬ್ಯಾಡವ್ವ. ಮಾಡಿದೋರ ಹೆಸರು ಇರಬೇಕು,” ಎಂದು ಕಲಿಸಿದ್ದರು. ಕಂಪ್ಯೂಟರ್ ಬಂದಾಗ ಟ್ರೇಸಿಂಗಿನ ನಾಲ್ವರಲ್ಲಿ ಮೂವರು ಮನೆಗೆ ಹೋದರು. ಪ್ರೇಮಲತಾ ಮೌಸ್ ಹಿಡಿಯುವುದನ್ನು ಹಟ ಹಿಡಿದು ಕಲಿತು ಉಳಿದರು. ಈಗಲೂ ನಿಟ್ಟುವಳ್ಳಿಯಿಂದ ಆಟೋ ಹತ್ತಿ, ದಾವಣಗೆರೆ ಬಸ್ ಸ್ಟ್ಯಾಂಡಿಗೆ ಬಂದು, ಐದೂಕಾಲಿನ ಬಸ್ಸು ಹಿಡಿಯುತ್ತಾರೆ.

ಇಷ್ಟೆಲ್ಲ ಮಾಡಿದರೂ ಸರ್ವರಿನ ಹನ್ನೊಂದು ಸಾವಿರ ನಕ್ಷೆಗಳಲ್ಲಿ ಒಂದರ ಮೇಲೂ ಅವರ ಹೆಸರಿಲ್ಲ. ಈಚಿನವುಗಳಲ್ಲಿ ಎಲ್ಲಿ ನೋಡಿದರೂ ಯೋಗರಾಜ್, ಯೋಗರಾಜ್. ಐದು ವರ್ಷದ ಹಿಂದೆ ಬಂದ ಡಿಸೈನ್ ಎಂಜಿನಿಯರ್. ಲಾಗಿನ್ ಆಗುವುದನ್ನು ಅವನಿಗೆ ಹೇಳಿಕೊಟ್ಟವರೇ ಇವರು. ಹೋದ ವರ್ಷದ ಆಯುಧಪೂಜೆಯ ದಿನ ಪ್ರೇಮಲತಾ ಸರ್ವರಿನ ಧೂಳು ಒರೆಸಿ, ಕುಂಕುಮವಿಟ್ಟು, ಹೂವು ಏರಿಸಿದರು. ವರ್ಷದ ಒಳ್ಳೆಯ ಕೆಲಸಕ್ಕೆಂದು ಶಾಲು, ಹಾರ, ಚಪ್ಪಾಳೆ ಯೋಗರಾಜನಿಗೆ ಹೋದವು. ಅವನು ಮೈಕಿನಲ್ಲಿ ಒಬ್ಬೊಬ್ಬರ ಹೆಸರೂ ಹೇಳಿ ಧನ್ಯವಾದ ಅರ್ಪಿಸಿದ, ಕ್ಯಾಂಟೀನಿನ ಹೊನ್ನಕ್ಕನದನ್ನೂ ಬಿಡಲಿಲ್ಲ. ಇವರದೊಂದು ಬಿಟ್ಟ.

“ಹೊಟ್ಟೆ ಧಗ ಧಗ ಉರೀತ್ರಿ. ಸುಳ್ಳು ಯಾಕ ಹೇಳ್ಲಿ? ಅವನ ಕೊರಳಾಗಿನ ಹಾರ ನೋಡೋಕಾಗ್ಲಿಲ್ಲ,” ಎನ್ನುತ್ತಾರೆ ಪ್ರೇಮಲತಾ.

ಎಲ್ಲರೂ ಮಂಡಕ್ಕಿ, ಬಾಳೆಹಣ್ಣು ಹಂಚಿಕೊಳ್ಳುತ್ತಿದ್ದಾಗ ಅವರು ಡ್ರಾಯಿಂಗ್ ರೂಮಿಗೆ ಬಂದು ಅನುಮತಿಗಳ ಪಟ್ಟಿ ತೆರೆದರು. ಯೋಗರಾಜನ ಹೆಸರನ್ನು ತಿದ್ದುವವರ ಸಾಲಿನಿಂದ ಕಿತ್ತು, ಬರೀ ನೋಡುವವರ ಸಾಲಿಗೆ ತಳ್ಳಿದರು. ಯಾರಾದರೂ ಕೇಳಿದರೆ ‘ವಾರ್ಷಿಕ ಪರಿಶೀಲನೆ’ ಎಂದು ಹೇಳಲು ನೆಪವನ್ನೂ ಸಿದ್ಧ ಮಾಡಿಕೊಂಡರು. ಅಂದು ಬಸ್ಸಿನಲ್ಲಿ ಮನಸ್ಸು ತಣ್ಣಗಿತ್ತಂತೆ.

ಮಾರನೆಯ ದಿನ ವಿಜಯದಶಮಿ ರಜೆ. ಅದರ ಮರುದಿನ ಬೆಳಿಗ್ಗೆ ಯೋಗರಾಜ್ ಓಡೋಡಿ ಬಂದ. ಒಂದು ಪ್ರೋಗ್ರಾಂನಲ್ಲಿ ಅಳತೆ ತಪ್ಪಿದ್ದು ರಜೆಯ ದಿನ ಅವನಿಗೆ ಹೊಳೆದಿತ್ತು. ಸರಿಪಡಿಸಿದ್ದನ್ನು ಪಾಳಿ ಶುರುವಾಗುವ ಮೊದಲೇ ಸರ್ವರಿಗೆ ಹಾಕಬೇಕು, ಆದರೆ ಅದು ಅವನಿಗೆ ತಿದ್ದಲು ಬಿಡುತ್ತಿಲ್ಲ. “ಮೇಡಂ, ನನ್ನ ಲಾಗಿನ್‌ಗೆ ಏನಾಗೈತೆ ನೋಡ್ರಿ,” ಎಂದು ಅಂಗಲಾಚಿದ.

ಏನಾಗಿದೆ ಎಂದು ಪ್ರೇಮಲತಾಗೆ ಚೆನ್ನಾಗಿ ಗೊತ್ತಿತ್ತು. ಆದರೂ, “ಪಾಸ್‌ವರ್ಡ್ ಮತ್ತೊಂದ್ಸಲ ಹಾಕ್ರಿ,” ಎಂದರು. ಮೂರು ಸಲ ಹಾಕಿಸಿದರು. ಕಂಪ್ಯೂಟರ್ ಆರಿಸಿ ಹಚ್ಚಲು ಹೇಳಿದರು. ತಾವು ಹೋಗಿ ಚಹಾ ಕುಡಿದು ಬಂದರು. ಇಪ್ಪತ್ತು ನಿಮಿಷ ಅವನ ಬೆವರು ನೋಡಿದ ಮೇಲೆ, ಏನೋ ದೊಡ್ಡ ದೋಷ ಹುಡುಕಿದವರಂತೆ ಅನುಮತಿ ವಾಪಸ್ ಕೊಟ್ಟರು.

ಅಷ್ಟರಲ್ಲಿ ಲೇತ್ ಯಂತ್ರದ ಶಬ್ಬೀರ್ ಸರ್ವರಿನಲ್ಲಿದ್ದ ಹಳೆಯ ಪ್ರೋಗ್ರಾಂ ತೆಗೆದುಕೊಂಡು ಕೆಲಸ ಶುರುಮಾಡಿಬಿಟ್ಟಿದ್ದ. ಎರಡು ಎರಕದ ಭಾಗಗಳು ಅಳತೆ ತಪ್ಪಿ ಗುಜರಿಗೆ ಹೋದವು. ಕೇಳದೆ ಯಂತ್ರ ಓಡಿಸಿದ್ದಾನೆಂದು ಸೂಪರ್‌ವೈಸರ್ ಅವನ ಮೇಲೆ ಮೆಮೊ ಬರೆಯಲು ಕುಳಿತರು. ಶಬ್ಬೀರ್ ಗುತ್ತಿಗೆಯವನು. ಮೆಮೊ ಬಂದರೆ ಮುಂದಿನ ಆರು ತಿಂಗಳಿಗೆ ಅವನ ಕೆಲಸ ನವೀಕರಣವಾಗುವುದಿಲ್ಲ.

ಅನುಮತಿ ಪಟ್ಟಿಯನ್ನು ಯಾರು, ಯಾವಾಗ ಬದಲಿಸಿದರೆಂಬ ಇತಿಹಾಸ ಪ್ರೇಮಲತಾ ಒಬ್ಬರಿಗೇ ಕಾಣುವುದು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಊಟದ ಹೊತ್ತಿನವರೆಗೂ ಪಾಸ್‌ವರ್ಡಿನ ಕರೆಗಳಿಗೇ ಉತ್ತರಿಸುತ್ತ ಕಳೆದರು. “ಉರಿ ಇದ್ದದ್ದು ಯೋಗರಾಜನ ಮ್ಯಾಲೆ. ಸುಟ್ಟಿದ್ದು ಶಬ್ಬೀರನ್ನ. ಅವನು ನಂಗೇನ್ ಮಾಡಿದ್ದಾನ್ರಿ?” ಎಂದು ಈಗಲೂ ಕೇಳುತ್ತಾರೆ. ಆ ಮಧ್ಯಾಹ್ನ ಇತಿಹಾಸದ ಪುಟ ಪ್ರಿಂಟ್ ತೆಗೆದು, ಹೋಗಿ ಮ್ಯಾನೇಜರ್ ಮೇಜಿನ ಮೇಲಿಟ್ಟರು.

ಮೆಮೊ ಶಬ್ಬೀರನನ್ನು ಬಿಟ್ಟು ಪ್ರೇಮಲತಾ ಹೆಸರಿಗೆ ಬಂತು. ಕೆಲಸಕ್ಕೆ ಸೇರಿದಂದಿನಿಂದ ಅದು ಮೊದಲನೆಯದು. ಯೋಗರಾಜ್ ಎರಡು ವಾರ ಮಾತು ಬಿಟ್ಟಿದ್ದ. ಆಮೇಲೆ ಪಾಸ್‌ವರ್ಡ್ ಮರೆತು ತಾನಾಗಿಯೇ ಬಂದ.

“ಹೊಟ್ಟೆಕಿಚ್ಚು ಹೋತು ಅಂತ ಬರೀಬ್ಯಾಡ್ರಿ ಮತ್ತೆ. ಈ ವರ್ಷಾನೂ ಶಾಲು ಅವನಿಗೇ ಹಾಕಿದ್ರು, ಈ ವರ್ಷಾನೂ ಉರೀತು,” ಎಂದು ಪ್ರೇಮಲತಾ ನಗುತ್ತಾರೆ. ಪರದೆಯನ್ನು ಇತ್ತ ತಿರುಗಿಸಿ ಎರಡು ಸಾಲು ತೋರಿಸುತ್ತಾರೆ. ಒಂದರಲ್ಲಿ ಯೋಗರಾಜನ ಅನುಮತಿ ತೆಗೆದದ್ದು, ಇನ್ನೊಂದರಲ್ಲಿ ಮರಳಿ ಕೊಟ್ಟದ್ದು. ಎರಡರ ಮುಂದೆಯೂ ಅವರದೇ ಹೆಸರು.

“ಇವನ್ನ ಅಳಿಸೋಕೆ ಅರ್ಧ ತಾಸು ಸಾಕ್ರಿ. ಇಡೀ ಫ್ಯಾಕ್ಟರಿಯಾಗ ಅದು ಬರೋದು ನನಗೊಬ್ಬಳಿಗೇ,” ಎನ್ನುತ್ತಾರೆ. ಮತ್ತೆ ಫೋನ್ ಬಡಿದುಕೊಳ್ಳುತ್ತದೆ. ಎತ್ತುವ ಮುನ್ನ ಒಂದು ಮಾತು ಸೇರಿಸುತ್ತಾರೆ: “ಅಳಿಸಿಲ್ಲ.”