ಅಣ್ಣನ ಹಿಮ್ಮಡಿ

ನಮ್ಮ ಗೌರಿ ಗೆದ್ದುಬಿಟ್ಟಳು! ನನ್ನ ಮೊಮ್ಮಗಳು ನಿನ್ನೆ ಬೆಳಗಾವಿಯಲ್ಲಿ, ಕಿಕ್ಕಿರಿದ ಮಂದಿಯ ಮುಂದೆ, ಆ ಹಠಮಾರಿ ಹಾಡಿಗೆ ಮೊದಲಿನಿಂದ ಕೊನೆಯವರೆಗೆ ಡ್ರಮ್ ಬಾರಿಸಿದಳು, ಎಲ್ಲಿಯೂ ತಪ್ಪಲಿಲ್ಲ. ಬೆಳಗಿನಿಂದ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಹೇಳಲಾಗದೆ ಉಳಿದವನು ಒಬ್ಬನೇ, ನನ್ನ ಅಣ್ಣ ಬಸಲಿಂಗ.

ಅಣ್ಣ ಇದ್ದದ್ದು ಘೋಡಗೇರಿಯಲ್ಲಿ. ಕರಡಿ ಎಂಬ ದೊಡ್ಡ ಚರ್ಮವಾದ್ಯವನ್ನು ಕಟ್ಟಿಕೊಂಡು ಮೆರವಣಿಗೆಯಲ್ಲಿ ನಡೆಯುತ್ತಲೇ ಬಾರಿಸುತ್ತಿದ್ದವ. ವಾದ್ಯ ಕೆಳಗಿಟ್ಟರೂ ಅವನ ಹಿಮ್ಮಡಿ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಅದು ನೆಲ ಬಡಿದು ಬಡಿದು ತಂಬಿಗೆಯ ನೀರು ಅಲುಗುತ್ತಿತ್ತು.

"ಯಣ್ಣಾ, ತುತ್ತು ಇಳಿಯೂ ತನಕರ ಕಾಲು ಸುಮ್ನ ಇಡೋ."

"ಅದು ನನ್ನ ಮಾತ ಕೇಳೂದಿಲ್ಲ, ನಿನ್ನ ಮಾತ ಕೇಳತೈತೇನ?"

ಗೌರಿಯ ಮೇಳದ ಹಾಡಿಗೆ ಮೆಟಲ್ ಎನ್ನುತ್ತಾರಂತೆ. ಗಿಟಾರು ಕಬ್ಬಿಣ ಕೊಯ್ಯುವ ಗರಗಸ. ಹಾಡುವವನ ಗಂಟಲು ಕಟ್ಟಿಹಾಕಿದ ಕೋಣ. ಮೊದಲ ಸಲ ಕೇಳಿ, ಬಾಜೂ ಮನೆಯ ಗಿರಣಿ ಕೆಟ್ಟಿತೆಂದು ಹೊರಗೆ ಓಡಿದ್ದೆ. ಆ ಹಾಡಿನಲ್ಲಿ ಡ್ರಮ್ಮಿನ ಪೆಡಲ್ ಮೇಲೆ ಕಾಲು ಒಂದೇ ಸಮನೆ ಓಡಬೇಕು, ಕೈಪೆಟ್ಟು ವಾರೆವಾರೆಯಾಗಿ ಬೀಳಬೇಕು. ಗೌರಿ ನಡುವೆಯೇ ಎಡವುತ್ತಿದ್ದಳು. "ಮುಂದಿನ ಸಲಾನೂ ತಪ್ಪಿದ್ರ ನಿನ್ನ ಬದಲಿ ಕಂಪ್ಯೂಟರ್ ಬಾರಸ್ತೈತಿ ನೋಡ" ಎಂದು ಜೊತೆಯ ಹುಡುಗರು ಹೇಳಿದ ದಿನ ಅತ್ತುಬಿಟ್ಟಳು.

ಅಣ್ಣ ಅಂದು ಮೂಡಲಗಿಯ ನಮ್ಮ ಮನೆಗೆ ಬಂದಿದ್ದ. "ಅಳಬ್ಯಾಡ. ಹಚ್ಚು ಅದನ್ನ" ಎಂದು ಕಣ್ಣು ಮುಚ್ಚಿ ಕುಳಿತ. ಹಿಮ್ಮಡಿ ಹೊರಟಿತು, ತಪ್ಪಿತು. ಮತ್ತೆ ಹೊರಟಿತು, ಮತ್ತೆ ತಪ್ಪಿತು. ಅವನ ಕಾಲು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬಿಡ್ರಿ ಮುತ್ಯಾ, ನಿಮಗೂ ಬರೂದಿಲ್ಲ ಇದು" ಎಂದಳು ಗೌರಿ.

"ಬರೂದಿಲ್ಲಂತ ನಿಂತ್ರ ಹಿಂದಿನ ಮೆರವಣಿಗಿ ಎಲ್ಲಿ ಹೋಗಬೇಕ? ಏಳ!"

ಮರುದಿನದಿಂದ ಇಬ್ಬರೂ ಕಾಲುವೆ ದಂಡೆಯ ಮೇಲೆ ನಡೆದರು. ಹೆಜ್ಜೆ ಒಂದೇ ಸಮನೆ, ತೊಡೆಯ ಮೇಲೆ ಕೈಪೆಟ್ಟು. "ಕಾಲು ಮಂದಿ ಕೂಡ, ಕೈ ಮ್ಯಾಳದ ಕೂಡ!" ಎಂದು ಅಣ್ಣ ಕೂಗುತ್ತಿದ್ದ. ದನ ಕಾಯುವವರು ನಕ್ಕರು. ಇವರು ನಿಲ್ಲಲಿಲ್ಲ. ದಮ್ಮು ಹೆಚ್ಚಾದ ಮೇಲೆ ಅವನು ಕಟ್ಟೆಯ ಮೇಲೆ ಕುಳಿತು "ಮತ್ತ ಹಚ್ಚು!" ಎನ್ನುತ್ತಿದ್ದ. ಕಡೆಯ ಸಲ ನಾನು ಅವನನ್ನು ನೋಡಿದ್ದೂ ಆ ಕಟ್ಟೆಯ ಮೇಲೆಯೇ. ಮಳೆಗಾಲ ಮುಗಿಯುವ ಮೊದಲೇ ತೀರಿಹೋದ. ಗೌರಿ ಒಬ್ಬಳೇ ನಡೆದಳು, ಆ ಹಾಡು ಕೈಕಾಲಿಗೆ ಬರುವ ತನಕ.

ಇಂದು ಸಂಜೆ ಮನೆಮಂದಿಯೆಲ್ಲ ಸಾಲಾಗಿ ಹೋಳಿಗೆ ಊಟಕ್ಕೆ ಕುಳಿತೆವು. ನನ್ನ ಮುಂದಿನ ತಂಬಿಗೆಯ ನೀರು ಅಲುಗತೊಡಗಿತು. ನೋಡಿದರೆ, ಗೌರಿಯ ಹಿಮ್ಮಡಿ.

"ಉಣ್ಣುವಾಗರ ಸುಮ್ನ ಕುಂದ್ರ" ಎಂದು ಅವಳ ಅವ್ವ ಗದರಿದಳು.

"ಇರ್ಲಿ ಬಿಡವಾ, ಅದು ಯಾರ ಮಾತೂ ಕೇಳೂದಿಲ್ಲ" ಎಂದು ನಾನು ಮೊಮ್ಮಗಳ ಹೋಳಿಗೆಗೆ ಇನ್ನಷ್ಟು ತುಪ್ಪ ಸುರಿದೆ.